ಸಿಕಲ್ ಸೆಲ್, ಮಲೇರಿಯಾ ಮತ್ತು ಮದುವೆಗೆ ಮುಂಚಿನ ಒಂದು ರಕ್ತಪರೀಕ್ಷೆ

ಪ್ರಶ್ನೆ: ನಾನು ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಯವನು, ಡಿಗ್ರಿ ಓದುತ್ತಿದ್ದೇನೆ. ಹಾಡಿಯಲ್ಲಿ ರಕ್ತಪರೀಕ್ಷೆ ನಡೆದಾಗ ನನಗೆ ಸಿಕಲ್ ಪಾಸಿಟಿವ್ ಬಂತು. ಆಮೇಲೆ ದೊಡ್ಡ ಪರೀಕ್ಷೆ ಮಾಡಿ ‘ಟ್ರೇಟ್, ಎಎಸ್’ ಎಂದು ಬರೆದ ಕಾರ್ಡ್ ಕೊಟ್ಟರು. ಅಕ್ಕನ ಮೂರು ವರ್ಷದ ಮಗನಿಗೆ ಕಾಯಿಲೆಯೇ ಇದೆಯಂತೆ, ‘ಎಸ್‌ಎಸ್’ ಅಂದರು. ‘ನಿನಗೆ ಮಲೇರಿಯಾ ಬರೋದಿಲ್ಲ ಬಿಡು, ಒಳ್ಳೆಯದೇ ಆಯ್ತು’ ಎಂದು ಒಬ್ಬರು ಹೇಳಿದರು. ಇದು ನಿಜವೇ? ಇಷ್ಟು ಕೆಟ್ಟ ಕಾಯಿಲೆ ನಮ್ಮ ಜನರಲ್ಲೇ ಯಾಕೆ ಉಳಿದುಕೊಂಡಿತು? ಸೋದರಮಾವನ ಮಗಳ ಜೊತೆ ನನ್ನ ಮದುವೆ ಮಾತು ನಡೆದಿದೆ. ಮಾಡಿಕೊಳ್ಳಬಹುದೇ?

ಉತ್ತರ: ಟ್ರೇಟ್ ಇದ್ದವರಿಗೂ, ಅಂದರೆ ಸಿಕಲ್ ವಂಶವಾಹಿಯ ಒಂದೇ ಪ್ರತಿ ಇದ್ದು ಕಾಯಿಲೆ ಇಲ್ಲದವರಿಗೂ, ಮಲೇರಿಯಾ ಬರುತ್ತದೆ. ಬಂದ ಮಲೇರಿಯಾ ವಿಪರೀತಕ್ಕೆ ಹೋಗಿ ಪ್ರಾಣ ತೆಗೆಯುವ ಸಾಧ್ಯತೆ ಮಾತ್ರ ಬಹಳ ಕಡಿಮೆ. ಅದೂ ಫಾಲ್ಸಿಪ್ಯಾರಮ್ ಎಂಬ ಬಗೆಯ ಮಲೇರಿಯಾದಲ್ಲಿ, ಅದೂ ಹೆಚ್ಚಾಗಿ ಎಳೆಯ ವಯಸ್ಸಿನಲ್ಲಿ. ನಿಮ್ಮ ಅಕ್ಕನ ಮಗನ ಮಟ್ಟಿಗಂತೂ ಆ ಮಾತು ಪೂರ್ತಿ ತಲೆಕೆಳಗು: ಎಸ್‌ಎಸ್ ಇರುವ ಮಗುವಿಗೆ ಮಲೇರಿಯಾ ತಗುಲಿದರೆ ಉಳಿದ ಮಕ್ಕಳಿಗಿಂತ ಹೆಚ್ಚು ಅಪಾಯ. ಒಂದೇ ವಂಶವಾಹಿ ಒಂದು ಪ್ರತಿಯಾಗಿ ಬಂದಾಗ ಒಂದು ಥರ, ಎರಡು ಪ್ರತಿಯಾಗಿ ಬಂದಾಗ ಇನ್ನೊಂದು ಥರ ನಡೆದುಕೊಳ್ಳುತ್ತದೆ. ನಿಮ್ಮ ಮೂರೂ ಪ್ರಶ್ನೆಗಳ ಉತ್ತರ ಅದರಲ್ಲೇ ಇದೆ. ಮದುವೆ ವಿಷಯ ಹುಡುಗಿಯ ರಕ್ತಪರೀಕ್ಷೆ ಆಗದೆ ಹೇಳುವಂಥದ್ದಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕೆಂಪು ರಕ್ತಕಣಗಳ ತುಂಬ ಇರುವುದು ಹಿಮೋಗ್ಲೋಬಿನ್. ದೊಡ್ಡವರ ಹಿಮೋಗ್ಲೋಬಿನ್ ಅಣುವಿನಲ್ಲಿ ಎರಡು ಆಲ್ಫಾ, ಎರಡು ಬೀಟಾ, ಹೀಗೆ ನಾಲ್ಕು ಸರಪಳಿಗಳು. ಬೀಟಾ ಸರಪಳಿ ಕಟ್ಟುವ ಸೂಚನೆ 11ನೇ ವರ್ಣತಂತುವಿನ ಮೇಲಿನ ಎಚ್‌ಬಿಬಿ ಎಂಬ ವಂಶವಾಹಿಯಲ್ಲಿದೆ. 146 ಅಮೈನೋ ಆಮ್ಲಗಳ ಈ ಸರಪಳಿಯಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲ. ಡಿಎನ್‌ಎಯಲ್ಲಿ ಅದರ ಬರಹ ಜಿಎಜಿ. ನಡುವಿನ ‘ಎ’ ಇದ್ದ ಕಡೆ ‘ಟಿ’ ಬಂದು ಜಿಟಿಜಿ ಆದರೆ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಬಂದು ಕೂರುತ್ತದೆ. ಸಿಕಲ್ ಕಾಯಿಲೆಯ ಬುಡ ಇಷ್ಟೇ, ಒಂದಕ್ಷರ. (ಈಚಿನ ಡಿಎನ್‌ಎ ವರದಿಗಳಲ್ಲಿ ಇದನ್ನೇ ಏಳನೇ ಸ್ಥಾನ ಎಂದು ಬರೆದಿರುತ್ತಾರೆ. ಸರಪಳಿ ತಯಾರಾಗುವಾಗ ಉದುರಿಹೋಗುವ ಮೊದಲ ಮೆಥಿಯೋನಿನ್ ಅನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಹಾಗಾಗುತ್ತದೆ. ಇದು ಬೇರೆ ಕಾಯಿಲೆ ಎಂದು ಗಾಬರಿಯಾಗುವುದು ಬೇಡ.)

ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಂಶವಿದೆ, ವ್ಯಾಲಿನ್‌ಗೆ ಇಲ್ಲ. ಹಾಗಾಗಿ ಸಿಕಲ್ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ವೇಗದಲ್ಲಿ ಚಲಿಸುತ್ತದೆ. ಲೈನಸ್ ಪೌಲಿಂಗ್ ಮತ್ತು ಸಂಗಡಿಗರು 1949ರಲ್ಲಿ ಇದನ್ನು ತೋರಿಸಿ ‘ಅಣುವಿನ ಕಾಯಿಲೆ’ ಎಂದು ಕರೆದರು. ಬದಲಾಗಿರುವುದು ಯಾವ ಅಮೈನೋ ಆಮ್ಲ ಎಂಬುದನ್ನು ವರ್ನನ್ ಇನ್‌ಗ್ರಾಮ್ 1956–57ರಲ್ಲಿ ಹಿಡಿದರು. ನಿಮ್ಮ ಕಾರ್ಡಿನ ಮೇಲಿನ ‘ಎಎಸ್’ ಬಂದಿದ್ದೂ ಈ ವಿದ್ಯುದಂಶದ ವ್ಯತ್ಯಾಸವನ್ನು ಅಳೆಯುವ ಯಂತ್ರದಿಂದಲೇ.

ಸಿಕಲ್ ಹಿಮೋಗ್ಲೋಬಿನ್ ಆಮ್ಲಜನಕ ಹಿಡಿದುಕೊಂಡಿರುವಷ್ಟು ಹೊತ್ತು ತೊಂದರೆ ಕೊಡುವುದಿಲ್ಲ. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಅಣುವಿನ ಆಕಾರ ಬದಲಾಗಿ, ಪಕ್ಕದ ಅಣುವಿನ ಬೀಟಾ ಸರಪಳಿಯಲ್ಲಿ 85ನೇ ಫೀನೈಲ್ ಅಲನಿನ್ ಮತ್ತು 88ನೇ ಲ್ಯೂಸಿನ್ ನಡುವೆ ಒಂದು ಸಣ್ಣ ಗುಳಿ ತೆರೆದುಕೊಳ್ಳುತ್ತದೆ. ನೀರಿಗೆ ಆಗದ ವ್ಯಾಲಿನ್ ಆ ಗುಳಿಯಲ್ಲಿ ಸರಿಯಾಗಿ ಕೂರುತ್ತದೆ. ಹೀಗೆ ಒಂದರ ಹಿಂದೊಂದು ಅಂಟಿಕೊಂಡು 14 ಎಳೆಗಳ ಗಟ್ಟಿ ನಾರಾಗುತ್ತದೆ. ನಾರು ಕಣವನ್ನು ಒಳಗಿನಿಂದ ತಳ್ಳಿ ಕುಡುಗೋಲಿನ ಹಾಗೆ ಬಾಗಿಸುತ್ತದೆ. ಸಾಮಾನ್ಯ ಕೆಂಪು ಕಣ ಸುಮಾರು 120 ದಿನ ಬದುಕಿದರೆ ಈ ಕಣ 10ರಿಂದ 20 ದಿನಕ್ಕೆ ಮುಗಿಯುತ್ತದೆ. ರಕ್ತಹೀನತೆ, ಕಣ್ಣು ಹಳದಿಯಾಗುವುದು ಇದರಿಂದ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುವುದರಿಂದ ಎಲುಬು ಕಿತ್ತುಬರುವಂಥ ನೋವು, ಶ್ವಾಸಕೋಶದ ತೊಂದರೆ, ಪಾರ್ಶ್ವವಾಯು.

ಇಲ್ಲಿ ಒಂದು ಸಂಗತಿ ಮನೆಯವರಿಗೆ ಗೊತ್ತಿದ್ದರೆ ಬಹಳ ಉಪಯೋಗ. ಆಮ್ಲಜನಕ ಹೋದ ತಕ್ಷಣ ನಾರು ಕಟ್ಟುವುದಿಲ್ಲ, ಸ್ವಲ್ಪ ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಕಣ ಸಣ್ಣ ನಾಳ ದಾಟಿ ಶ್ವಾಸಕೋಶ ಸೇರಿದರೆ ಪಾರು. ಕಣದೊಳಗಿನ ಹಿಮೋಗ್ಲೋಬಿನ್ ಸ್ವಲ್ಪವೇ ಗಟ್ಟಿಯಾದರೂ ಈ ಕಾಲಾವಕಾಶ ಹತ್ತಾರು ಪಟ್ಟು ಕುಗ್ಗಿಬಿಡುತ್ತದೆ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಹಿಮೋಗ್ಲೋಬಿನ್ ಗಟ್ಟಿಯಾಗುತ್ತದೆ. ಚಳಿಗೆ, ಮಳೆಯಲ್ಲಿ ನೆನೆದಾಗ ನಾಳಗಳು ಕಿರಿದಾಗಿ ಕಣ ನಿಧಾನವಾಗುತ್ತದೆ. ಜ್ವರ ಬಂದಾಗ ಎರಡೂ ಆಗುತ್ತವೆ. ‘ನೀರು ಚೆನ್ನಾಗಿ ಕುಡಿಸಿ, ಮಳೆಯಲ್ಲಿ ನೆನೆಯಲು ಬಿಡಬೇಡಿ’ ಎಂದು ಡಾಕ್ಟರು ಹೇಳುವುದು ಬಾಯಿಮಾತಿನ ಉಪಚಾರಕ್ಕಲ್ಲ.

ಹುಟ್ಟಿದ ಕೂಸಿನಲ್ಲಿ ಹೆಚ್ಚಾಗಿ ಇರುವುದು ಭ್ರೂಣದ ಹಿಮೋಗ್ಲೋಬಿನ್, ಅಂದರೆ ‘ಎಫ್’. ಅದರಲ್ಲಿ ಬೀಟಾ ಸರಪಳಿಯೇ ಇಲ್ಲ, ಹಾಗಾಗಿ ನಾರು ಕಟ್ಟುವುದಕ್ಕೆ ಅದು ಅಡ್ಡಿ. ಐದಾರು ತಿಂಗಳಿಗೆ ‘ಎಫ್’ ಇಳಿದು ಸಿಕಲ್ ಹಿಮೋಗ್ಲೋಬಿನ್, ಅಂದರೆ ‘ಎಸ್’, ಏರಿದ ಮೇಲೆ ಕೈಕಾಲು ಊದಿಕೊಂಡು ಮಗು ಚೀರಾಡುವುದು ಶುರುವಾಗುತ್ತದೆ. ಮನೆಯವರು ಇದನ್ನು ದೃಷ್ಟಿ ತಗುಲಿದ್ದು, ಬಿದ್ದು ಪೆಟ್ಟಾಗಿದ್ದು ಎಂದುಕೊಳ್ಳುವುದೇ ಹೆಚ್ಚು.

ಇನ್ನು ನಿಮ್ಮ ರಕ್ತ. ನಿಮಗೆ ವಂಶವಾಹಿಯ ಒಂದು ‘ಎ’ (ಸಾಮಾನ್ಯ) ಪ್ರತಿ, ಒಂದು ‘ಎಸ್’ (ಸಿಕಲ್) ಪ್ರತಿ ಇದೆ. ನಿಮ್ಮ ಪ್ರತಿಯೊಂದು ಕೆಂಪು ಕಣದಲ್ಲೂ ಎರಡೂ ಬಗೆಯ ಹಿಮೋಗ್ಲೋಬಿನ್ ಬೆರೆತಿದೆ. ಅರ್ಧಕ್ಕರ್ಧ ಇರಬೇಕಲ್ಲವೇ ಎಂದರೆ ಇರುವುದಿಲ್ಲ. ಆಲ್ಫಾ ಸರಪಳಿಗಳು ಸಾಮಾನ್ಯ ಬೀಟಾ ಜೊತೆ ಬೇಗ ಜೋಡಿಯಾಗುವುದರಿಂದ ‘ಎಸ್’ ಪಾಲು ಶೇ 35–40ರ ಆಸುಪಾಸು ನಿಲ್ಲುತ್ತದೆ. ಮೈಯೊಳಗಿನ ಮಾಮೂಲಿ ಆಮ್ಲಜನಕ ಮಟ್ಟದಲ್ಲಿ ಅಷ್ಟು ‘ಎಸ್’ ನಾರು ಕಟ್ಟಲು ಸಾಲದು. ಆದ್ದರಿಂದ ನಿಮಗೆ ಕಾಯಿಲೆ ಇಲ್ಲ, ಔಷಧಿ ಬೇಡ, ಆಯಸ್ಸು ಕಡಿಮೆಯಾಗುವುದಿಲ್ಲ. ಸುಸ್ತು, ರಕ್ತಹೀನತೆ ಇದ್ದರೆ ಅದನ್ನು ಟ್ರೇಟ್‌ನ ತಲೆಗೆ ಕಟ್ಟದೆ ಕಬ್ಬಿಣಾಂಶದ ಕೊರತೆ, ಜಂತುಹುಳು ಎಂದು ಬೇರೆ ಕಾರಣ ಹುಡುಕಿಸಬೇಕು. ಎಚ್ಚರ ಬೇಕಾದ ಕೆಲವೇ ಸಂದರ್ಭಗಳಿವೆ: ಪೊಲೀಸ್, ಸೇನೆ ಭರ್ತಿಗೆಂದು ಬಿಸಿಲಲ್ಲಿ ನೀರು ಕುಡಿಯದೆ ದೂರ ಓಡುವುದು, ತುಂಬ ಎತ್ತರದ ಪರ್ವತ ಪ್ರದೇಶ, ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸುವುದು. ಆಪರೇಷನ್ ಆಗುವುದಿದ್ದರೆ ಅರಿವಳಿಕೆ ಡಾಕ್ಟರಿಗೆ ಕಾರ್ಡ್ ತೋರಿಸಿ.

ಈಗ ಮಲೇರಿಯಾ. ಕಾಯಿಲೆ ತರುವ ವಂಶವಾಹಿಗಳು ಮಲೇರಿಯಾ ಪ್ರದೇಶಗಳಲ್ಲೇ ಯಾಕೆ ದಟ್ಟವಾಗಿವೆ ಎಂಬ ಪ್ರಶ್ನೆಗೆ ಮಲೇರಿಯಾವೇ ಕಾರಣವಿರಬಹುದು ಎಂದು 1940ರ ದಶಕದ ಕೊನೆಯಲ್ಲಿ ಸೂಚಿಸಿದವರು ಬ್ರಿಟಿಷ್ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಅವರು ಹೇಳಿದ್ದು ಥಲಸೀಮಿಯಾ ಎಂಬ ಇನ್ನೊಂದು ಹಿಮೋಗ್ಲೋಬಿನ್ ಕಾಯಿಲೆ ಕುರಿತು. (1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪ್ರಜೆಯಾಗಿ, ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್ ಇವರೇ.) ಸಿಕಲ್ ವಿಷಯದಲ್ಲಿ ಅದನ್ನು ತೋರಿಸಿಕೊಟ್ಟವರು ಕೆನ್ಯಾದಲ್ಲಿ ಬೆಳೆದ ಆಂಥನಿ ಆಲಿಸನ್. ಕರಾವಳಿ ಮತ್ತು ವಿಕ್ಟೋರಿಯಾ ಸರೋವರದ ಸುತ್ತಿನ ಮಲೇರಿಯಾ ಸೀಮೆಯಲ್ಲಿ ಟ್ರೇಟ್ ಶೇ 20 ದಾಟುತ್ತದೆ, ಮಲೇರಿಯಾ ಇಲ್ಲದ ಎತ್ತರದ ಪ್ರದೇಶದಲ್ಲಿ ಅಪರೂಪ ಎಂಬುದನ್ನು ಗಮನಿಸಿದರು. 1954ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಉಗಾಂಡದಲ್ಲಿ 290 ಮಕ್ಕಳ ರಕ್ತ ನೋಡಿದಾಗ, ಟ್ರೇಟ್ ಇದ್ದ 43 ಮಕ್ಕಳಲ್ಲಿ 12 ಮಂದಿಯ ರಕ್ತದಲ್ಲಿ ಮಲೇರಿಯಾ ಪರಾವಲಂಬಿ ಇತ್ತು, ಟ್ರೇಟ್ ಇಲ್ಲದ 247 ಮಕ್ಕಳಲ್ಲಿ 113 ಮಂದಿಯಲ್ಲಿ ಇತ್ತು. ಲುವೊ ಜನಾಂಗದ ದೊಡ್ಡವರಿಗೆ ಬೇಕೆಂದೇ ಸೋಂಕು ತಗುಲಿಸಿ ನೋಡಿದ ಪ್ರಯೋಗವೂ ಅದರಲ್ಲಿದೆ. ಟ್ರೇಟ್ ಇಲ್ಲದ 15 ಮಂದಿಯಲ್ಲಿ 14 ಮಂದಿಗೆ ಮಲೇರಿಯಾ ಹತ್ತಿತು, ಟ್ರೇಟ್ ಇದ್ದ 15ರಲ್ಲಿ ಇಬ್ಬರಿಗೆ ಮಾತ್ರ. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ ಅದು.

ಮೊದಲ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಟ್ರೇಟ್ ಇದ್ದ 43ರಲ್ಲಿ 12 ಮಂದಿಗೆ ಸೋಂಕು ಇದ್ದೇ ಇತ್ತು. ‘ಬರೋದೇ ಇಲ್ಲ’ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಆಮೇಲೆ ಕೆನ್ಯಾದಲ್ಲಿ ನಡೆದ ದೊಡ್ಡ ಅಧ್ಯಯನಗಳು ಈ ರಕ್ಷಣೆಯ ಮೆಟ್ಟಿಲುಗಳನ್ನು ಬಿಡಿಸಿ ತೋರಿಸಿವೆ: ಸೌಮ್ಯ ಮಲೇರಿಯಾ ವಿರುದ್ಧ ರಕ್ಷಣೆ ಸುಮಾರು ಶೇ 50, ಆಸ್ಪತ್ರೆ ಸೇರಿಸುವಂಥ ಮಲೇರಿಯಾ ವಿರುದ್ಧ ಸುಮಾರು ಶೇ 75, ಪ್ರಾಣಾಪಾಯದ ಮಲೇರಿಯಾ ವಿರುದ್ಧ ಶೇ 90ರ ಹತ್ತಿರ. ಸೊಳ್ಳೆ ಕಚ್ಚುವುದನ್ನಾಗಲಿ, ಪರಾವಲಂಬಿ ರಕ್ತಕ್ಕೆ ಇಳಿಯುವುದನ್ನಾಗಲಿ ಟ್ರೇಟ್ ತಡೆಯುವುದಿಲ್ಲ. ಒಳಗೆ ಬಂದ ಪರಾವಲಂಬಿ ಹೆಚ್ಚಾಗದಂತೆ ನೋಡಿಕೊಳ್ಳುತ್ತದೆ.

ಹೇಗೆಂದರೆ, ಫಾಲ್ಸಿಪ್ಯಾರಮ್ ಕೆಂಪು ಕಣದೊಳಗೆ 48 ಗಂಟೆ ಬೆಳೆಯುತ್ತದೆ. ಈ ಅವಧಿಯ ಎರಡನೇ ಅರ್ಧದಲ್ಲಿ ಅದಕ್ಕೆ ಗುಲ್ಮದ ಭಯ, ಏಕೆಂದರೆ ಕೆಟ್ಟ ಕಣಗಳನ್ನು ಸೋಸಿ ತೆಗೆಯುವುದೇ ಗುಲ್ಮದ ಕೆಲಸ. ಹಾಗಾಗಿ ಕಣದ ಮೇಲ್ಮೈಗೆ ಒಂದು ಅಂಟು ಪ್ರೋಟೀನ್ ಕಳಿಸಿ, ಮಿದುಳು ಮತ್ತಿತರ ಅಂಗಗಳ ಸಣ್ಣ ನಾಳಗಳ ಗೋಡೆಗೆ ಕಣವನ್ನು ಅಂಟಿಸಿಕೊಂಡು ಅಡಗಿ ಕೂರುತ್ತದೆ. ಮಕ್ಕಳಲ್ಲಿ ಮಿದುಳಿಗೇರುವ ಮಲೇರಿಯಾ ಬರುವುದು ಹೀಗೆ. ಅಡಗುವ ಆ ಜಾಗದಲ್ಲಿ ಆಮ್ಲಜನಕ ಕಡಿಮೆ. ಟ್ರೇಟ್ ಇರುವವರ ಕಣದೊಳಗೆ ಇದ್ದರೆ ಅಲ್ಲಿ ಪರಾವಲಂಬಿಗೆ ಪೆಟ್ಟು ಬೀಳುತ್ತದೆ. ಕಡಿಮೆ ಆಮ್ಲಜನಕದಲ್ಲಿ ‘ಎಸ್’ ನಾರು ಕಟ್ಟತೊಡಗಿ ಪರಾವಲಂಬಿಯ ಬೆಳವಣಿಗೆ ನಿಲ್ಲುತ್ತದೆ. ಪರಾವಲಂಬಿ ಹೊಕ್ಕ ಕಣ, ಹೊಗದ ಕಣಕ್ಕಿಂತ ಬೇಗ ಬಾಗಿ, ಗುಲ್ಮದ ಕೈಗೆ ಸಿಕ್ಕಿ ನಾಶವಾಗುತ್ತದೆ. ಜೊತೆಗೆ ಅಂಟು ಪ್ರೋಟೀನ್ ಮೇಲ್ಮೈಗೆ ಸರಿಯಾಗಿ ತಲುಪುವುದೇ ಇಲ್ಲ. ಕಣದ ಆಕ್ಟಿನ್ ಎಂಬ ಪ್ರೋಟೀನ್ ಬಳಸಿ ಪರಾವಲಂಬಿ ಹಾಕಿಕೊಳ್ಳುವ ಸಾಗಣೆ ದಾರಿ ‘ಎಸ್’ ಇರುವ ಕಣದಲ್ಲಿ ಕೆಡುತ್ತದೆ. ಅಂಟಿಕೊಳ್ಳುವ ಬಲ ಕುಂದಿದ್ದರಿಂದ ಮಿದುಳಿನ ಮಲೇರಿಯಾ ವಿರಳ.

ಈ ರಕ್ಷಣೆಯನ್ನು ನೆಚ್ಚಿಕೊಂಡು ಕೂರದಿರಲು ಇನ್ನೂ ಕಾರಣಗಳಿವೆ. ಆಲ್ಫಾ ಥಲಸೀಮಿಯಾ ಎಂಬ ಇನ್ನೊಂದು ವಂಶವಾಹಿ ದೋಷವೂ ತನ್ನ ಮಟ್ಟಿಗೆ ಮಲೇರಿಯಾದಿಂದ ಕಾಪಾಡುತ್ತದೆ. ಆದರೆ ಅದು ಮತ್ತು ಸಿಕಲ್ ಟ್ರೇಟ್ ಎರಡೂ ಒಬ್ಬರಲ್ಲೇ ಸೇರಿದರೆ ಎರಡರ ರಕ್ಷಣೆಯೂ ಬಹುಪಾಲು ಹೋಗುತ್ತದೆ ಎಂದು ಕೆನ್ಯಾದ ಕಿಲಿಫಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಆದಿವಾಸಿ ಸಮುದಾಯಗಳಲ್ಲಿ ಆಲ್ಫಾ ಥಲಸೀಮಿಯಾ ಸಾಕಷ್ಟಿದೆ, ಮಾಮೂಲಿ ಕಾರ್ಡಿನಲ್ಲಿ ಅದು ಕಾಣಿಸುವುದಿಲ್ಲ. ಪರಾವಲಂಬಿಯೂ ಸುಮ್ಮನೆ ಕೂತಿಲ್ಲ. ಗ್ಯಾಂಬಿಯಾ ಮತ್ತು ಕೆನ್ಯಾದ ಮಕ್ಕಳಲ್ಲಿ ಸಿಕಲ್ ರಕ್ಷಣೆಯನ್ನು ಮೀರುವಂಥ ಬದಲಾವಣೆ ಹೊಂದಿದ ಫಾಲ್ಸಿಪ್ಯಾರಮ್ ತಳಿಗಳು ಪತ್ತೆಯಾಗಿರುವುದು 2021ರಲ್ಲಿ ವರದಿಯಾಗಿದೆ. ಮೇಲಾಗಿ ನಮ್ಮಲ್ಲಿ ವೈವ್ಯಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾವೂ ಇದೆ. ಮೇಲೆ ಹೇಳಿದ ಪುರಾವೆಗಳೆಲ್ಲ ಫಾಲ್ಸಿಪ್ಯಾರಮ್ ಕುರಿತಾದವು. ಜ್ವರ ಬಂದರೆ ಎಲ್ಲರ ಹಾಗೆ ನೀವೂ ರಕ್ತ ತೋರಿಸಲೇಬೇಕು. ಮಲೇರಿಯಾ ಮಾತ್ರೆಗಳಲ್ಲಿ ಟ್ರೇಟ್‌ನವರಿಗೆ ಬೇರೆ ಕ್ರಮವೇನೂ ಇಲ್ಲ. ಆದರೆ ಪ್ರೈಮಾಕ್ವಿನ್ ಕೊಡುವ ಮೊದಲು ಜಿ6ಪಿಡಿ ಕೊರತೆ ಇದೆಯೇ ಎಂದು ಕೇಳಿ. ಅದೂ ಮಲೇರಿಯಾ ಸೀಮೆಯ ಜನರಲ್ಲಿ ಹೆಚ್ಚಾಗಿ ಕಾಣುವ, ಬೇರೆಯದೇ ಆದ ವಂಶವಾಹಿ ದೋಷ. ಅದಿರುವವರಿಗೆ ಆ ಮಾತ್ರೆಯಿಂದ ಕೆಂಪು ಕಣಗಳು ಒಡೆಯುತ್ತವೆ.

‘ನಮ್ಮ ಜನರಲ್ಲೇ ಯಾಕೆ ಉಳಿಯಿತು’ ಎಂಬುದಕ್ಕೆ ಲೆಕ್ಕ ಹಾಕಿ ತೋರಿಸುವುದೇ ವಾಸಿ. ಹಿಂದಿನ ಕಾಲದ ಮಲೇರಿಯಾ ಕಾಡು, ಔಷಧಿಯಿಲ್ಲ. ಹತ್ತು ಸಾವಿರ ಮಕ್ಕಳು ಹುಟ್ಟಿದರು ಎಂದುಕೊಳ್ಳಿ. ಒಬ್ಬೊಬ್ಬರಿಗೆ ಎರಡು ಪ್ರತಿಯಂತೆ ಬೀಟಾ ವಂಶವಾಹಿಯ ಇಪ್ಪತ್ತು ಸಾವಿರ ಪ್ರತಿಗಳು. ಅದರಲ್ಲಿ ಹತ್ತಕ್ಕೊಂದು ‘ಎಸ್’ ಆಗಿದ್ದರೆ 8,100 ಮಕ್ಕಳು ಎಎ, 1,800 ಮಕ್ಕಳು ಎಎಸ್, 100 ಮಕ್ಕಳು ಎಸ್‌ಎಸ್. ಆ ನೂರೂ ಮಕ್ಕಳು ದೊಡ್ಡವರಾಗುವ ಮೊದಲೇ ತೀರಿಕೊಂಡರೆ ಇನ್ನೂರು ‘ಎಸ್’ ಪ್ರತಿಗಳು ಹೋದವು, ಅಂದರೆ ಇದ್ದ ಎರಡು ಸಾವಿರದಲ್ಲಿ ಶೇ 10. ಎಎ ಮಕ್ಕಳಲ್ಲಿ ಒಂಬತ್ತಕ್ಕೊಬ್ಬರು ಮಲೇರಿಯಾದಿಂದ ಸತ್ತರೆ ಸಾವು 900, ಹೋದ ‘ಎ’ ಪ್ರತಿಗಳು 1,800, ಅಂದರೆ ಇದ್ದ ಹದಿನೆಂಟು ಸಾವಿರದಲ್ಲಿ ಅದೂ ಶೇ 10. ಎರಡೂ ಕಡೆ ಒಂದೇ ಪ್ರಮಾಣದ ನಷ್ಟವಾದ್ದರಿಂದ ಮುಂದಿನ ಪೀಳಿಗೆಯಲ್ಲೂ ‘ಎಸ್’ ಹತ್ತಕ್ಕೊಂದೇ. ಮಲೇರಿಯಾ ಅದಕ್ಕಿಂತ ಜೋರಿದ್ದ ಕಡೆ ‘ಎಸ್’ ಹೆಚ್ಚುತ್ತದೆ, ಮಲೇರಿಯಾ ಇಳಿದ ಕಡೆ ಕಡಿಮೆಯಾಗುತ್ತದೆ. ಇದರಲ್ಲಿ ಯಾರ ಪಾಪವೂ ಇಲ್ಲ, ಯಾರ ಕುಲದ ದೋಷವೂ ಇಲ್ಲ. ‘ಇದು ಕಾಡು ಜನರ ಕಾಯಿಲೆ’ ಎಂದು ಮೂಗು ಮುರಿಯುವವರಿಗೆ ಗ್ರೀಸ್, ಸಿಸಿಲಿ, ಸೌದಿ ಅರೇಬಿಯಾದ ಪೂರ್ವ ಭಾಗದಲ್ಲೂ ಇದು ಇದೆ ಎಂದು ಹೇಳಿ. ಮಧ್ಯ ಭಾರತದಲ್ಲಂತೂ ಆದಿವಾಸಿಗಳಲ್ಲದ ಹಲವು ಸಮುದಾಯಗಳಲ್ಲಿ ಇದೆ.

ನಮ್ಮ ದೇಶದಲ್ಲಿ ಇದು ಮೊದಲು ಬೆಳಕಿಗೆ ಬಂದಿದ್ದು ನಿಮ್ಮ ಸೀಮೆಯಿಂದ ಬಹಳ ದೂರವೇನಲ್ಲ. 1952ರಲ್ಲಿ ಲೇಮನ್ ಮತ್ತು ಕಟ್‌ಬುಶ್ ಎಂಬ ಸಂಶೋಧಕರು ನೀಲಗಿರಿಯ ಇರುಳ, ಕುರುಂಬ, ಪಣಿಯರಲ್ಲಿ ಇದನ್ನು ಕಂಡರು. ಅದೇ ವರ್ಷ ಅಸ್ಸಾಂನ ಚಹಾ ತೋಟದ ಕಾರ್ಮಿಕರಲ್ಲೂ ವರದಿಯಾಯಿತು. ನಮ್ಮ ಕಡೆ ಜೇನುಕುರುಬ, ಬೆಟ್ಟಕುರುಬ, ಸೋಲಿಗ, ಯರವ ಸಮುದಾಯಗಳಲ್ಲಿದೆ. ವಯನಾಡು, ಕೊಡಗು, ಮಲೆನಾಡಿನ ತೊರೆಗಳಲ್ಲಿ ಬೆಳೆಯುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ 1950ರ ದಶಕದ ಡಿಡಿಟಿ ಸಿಂಪಡಣೆಗೆ ಮುಂಚೆ ಹಬ್ಬಿಸುತ್ತಿದ್ದ ಮಲೇರಿಯಾ ಎಂಥದೆಂದು ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ. ಭಾರತ ಮತ್ತು ಅರಬ್ ಪ್ರದೇಶದಲ್ಲಿರುವ ‘ಎಸ್’ ವಂಶವಾಹಿಯ ಅಕ್ಕಪಕ್ಕದ ಡಿಎನ್‌ಎ, ಆಫ್ರಿಕಾದ ನಾಲ್ಕು ಬಗೆಗಳಿಂದ ಬೇರೆಯಾಗಿದೆ. ಹಾಗಾಗಿ ಇಲ್ಲಿ ಈ ಬದಲಾವಣೆ ಸ್ವತಂತ್ರವಾಗಿ ಹುಟ್ಟಿತೆಂದು ಬಹುಕಾಲ ನಂಬಲಾಗಿತ್ತು. 2018ರ ಜೀನೋಮ್ ವಿಶ್ಲೇಷಣೆಯೊಂದು ಎಲ್ಲದರ ಮೂಲವೂ ಒಂದೇ, ಸುಮಾರು 7,300 ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಎಂದು ವಾದಿಸಿದೆ. ರೋಗಿಗಳ ಮಟ್ಟಿಗೆ ಮುಖ್ಯವಾದದ್ದು ಬೇರೆ. ಈ ಅರಬ್–ಭಾರತೀಯ ಬಗೆಯಲ್ಲಿ ‘ಎಫ್’ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಹೆಚ್ಚು ಉಳಿಯುವುದರಿಂದ ಕೆಲವರಲ್ಲಿ ಕಾಯಿಲೆ ಸೌಮ್ಯವಾಗಿರುತ್ತದೆ. ‘ನಮ್ಮ ಕಡೆಯದು ಸೌಮ್ಯ’ ಎಂದು ಇದನ್ನೇ ನೆಪಮಾಡಿ ಔಷಧಿ ಬಿಡಿಸುವುದು ತಪ್ಪು. ಇಲ್ಲಿಯೂ ತೀವ್ರ ಕಾಯಿಲೆಯ ಮಕ್ಕಳು ಬೇಕಾದಷ್ಟಿದ್ದಾರೆ.

ಮಲೇರಿಯಾ ಇಳಿದ ಮೇಲೂ ಕಾಯಿಲೆ ಹೋಗದಿರುವುದು ಯಾಕೆಂದರೆ, ವಂಶವಾಹಿ ಇಳಿಯುವುದು ಪೀಳಿಗೆಗಳ ಲೆಕ್ಕದಲ್ಲಿ. ಹತ್ತಕ್ಕೊಂದಿದ್ದ ‘ಎಸ್’, ಮಲೇರಿಯಾ ಪೂರ್ತಿ ಇಲ್ಲವಾದರೂ, ಇಪ್ಪತ್ತಕ್ಕೊಂದಾಗಲು ಹತ್ತು ಪೀಳಿಗೆ ಬೇಕು. ಅಂದರೆ ಸುಮಾರು 250 ವರ್ಷ. ಡಿಡಿಟಿ ಬಂದು ಕಳೆದದ್ದು ಮೂರು ಪೀಳಿಗೆ ಅಷ್ಟೇ.

ಮದುವೆಯ ವಿಷಯಕ್ಕೆ ಮೊದಲು ಪರೀಕ್ಷೆಗಳ ಬಗ್ಗೆ ಸ್ಪಷ್ಟವಾಗಬೇಕು, ಏಕೆಂದರೆ ಎಡವಟ್ಟುಗಳು ಆಗುವುದು ಅಲ್ಲೇ. ಹಾಡಿಯಲ್ಲಿ ಸಾಮಾನ್ಯವಾಗಿ ಮಾಡುವುದು ಸಾಲ್ಯುಬಿಲಿಟಿ ಪರೀಕ್ಷೆ. 2 ಮಿ.ಲೀ. ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ ಬೆರೆಸಿ, ಐದು ನಿಮಿಷ ಬಿಟ್ಟು, ನಳಿಕೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಗೆರೆ ಕಂಡರೆ ನೆಗೆಟಿವ್, ಮಸುಕಾಗಿ ಗೆರೆ ಮರೆಯಾದರೆ ಪಾಸಿಟಿವ್. ದ್ರಾವಣದಲ್ಲಿರುವ ಡೈಥಯೋನೈಟ್ ಆಮ್ಲಜನಕವನ್ನು ಕಿತ್ತುಕೊಂಡಾಗ ‘ಎಸ್’ ಕರಗದೆ ಉಳಿದು ಮಬ್ಬಾಗುತ್ತದೆ. ಈ ಪರೀಕ್ಷೆ ಎಎಸ್ ಯಾರು, ಎಸ್‌ಎಸ್ ಯಾರು ಎಂದು ಹೇಳಲಾರದು. ಆರು ತಿಂಗಳೊಳಗಿನ ಕೂಸಿನಲ್ಲಿ ‘ಎಸ್’ ಕಡಿಮೆ ಇರುವುದರಿಂದ ನೆಗೆಟಿವ್ ಬಂದುಬಿಡಬಹುದು. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿದ್ದರೂ ಹಾಗೆಯೇ, ಅಂಥವರಿಗೆ ದ್ರಾವಣಕ್ಕೆ ಬೆರೆಸುವ ರಕ್ತದ ಪ್ರಮಾಣ ಇಮ್ಮಡಿ ಹಾಕಬೇಕು. ಡೈಥಯೋನೈಟ್ ಪುಡಿಗೆ ಗಾಳಿ, ತೇವ ತಗುಲಿದರೆ ಶಕ್ತಿ ಹೋಗುತ್ತದೆ. ಆಗ ಪಾಸಿಟಿವ್ ಇದ್ದವರೂ ನೆಗೆಟಿವ್ ಎಂದೇ ಬರುತ್ತಾರೆ. ಅದಕ್ಕೇ ಪ್ರತಿ ಸಲ ಗೊತ್ತಿರುವ ಒಂದು ಪಾಸಿಟಿವ್, ಒಂದು ನೆಗೆಟಿವ್ ರಕ್ತವನ್ನು ಜೊತೆಗಿಟ್ಟು ನೋಡುವುದು ಕ್ರಮ.

ನಿಶ್ಚಯವಾಗಿ ಹೇಳುವುದು ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೊಫೊರೆಸಿಸ್. ನಿಮಗೆ ‘ದೊಡ್ಡ ಪರೀಕ್ಷೆ’ ಎಂದದ್ದು ಇದೇ ಇರಬೇಕು. ವರದಿಯಲ್ಲಿ ‘ಎ’ ಶೇ 55–60, ‘ಎಸ್’ ಶೇ 35–40 ಇದ್ದರೆ ಟ್ರೇಟ್. ‘ಎ’ ಇಲ್ಲವೇ ಇಲ್ಲ, ‘ಎಸ್’ ಶೇ 70ಕ್ಕೂ ಹೆಚ್ಚು, ಉಳಿದದ್ದು ಬಹುತೇಕ ‘ಎಫ್’ ಎಂದಿದ್ದರೆ ಕಾಯಿಲೆ. ಟ್ರೇಟ್ ಎಂದು ಬರೆದಿದ್ದರೂ ‘ಎಸ್’ ಪಾಲು ‘ಎ’ಗಿಂತ ಹೆಚ್ಚಿದ್ದರೆ ಅದು ಟ್ರೇಟ್ ಅಲ್ಲ. ಸಿಕಲ್ ಜೊತೆ ಬೀಟಾ ಥಲಸೀಮಿಯಾ (ಬೀಟಾ ಸರಪಳಿಯೇ ಕಡಿಮೆ ತಯಾರಾಗುವ ದೋಷ) ಸೇರಿರುವ ಸಾಧ್ಯತೆ ಇರುತ್ತದೆ. ಇಲ್ಲವೇ ಎಸ್‌ಎಸ್ ಇರುವವರಿಗೆ ಇತ್ತೀಚೆಗೆ ಬೇರೆಯವರ ರಕ್ತ ಕೊಟ್ಟಿರಬಹುದು. ರಕ್ತ ಕೊಟ್ಟ ಮೇಲೆ ಮೂರು ತಿಂಗಳು ಈ ಪರೀಕ್ಷೆಯನ್ನು ನಂಬುವಂತಿಲ್ಲ. ನಿಮ್ಮ ಕಾರ್ಡಿನಲ್ಲಿ ಅಕ್ಷರಗಳಷ್ಟೇ ಇದ್ದರೆ ಮೂಲ ವರದಿ ಕೇಳಿ ಪಡೆದು, ಶೇಕಡಾ ಅಂಕಿಗಳನ್ನು ಒಮ್ಮೆ ನೋಡಿ. ಆರೋಗ್ಯ ಕಾರ್ಯಕರ್ತರು ಕೊಡಲು ಹಿಂದೆಮುಂದೆ ನೋಡಿದರೂ ಬಿಡಬೇಡಿ, ಅದು ನಿಮ್ಮ ರಕ್ತದ ವರದಿ.

ಈಗ ಸೋದರಮಾವನ ಮಗಳು. ನಿಮ್ಮ ‘ಎಸ್’ ಪ್ರತಿ ತಾಯಿಯಿಂದ ಬಂತೋ ತಂದೆಯಿಂದ ಬಂತೋ ಮೊದಲು ನೋಡಿ, ಇಬ್ಬರ ಕಾರ್ಡನ್ನೂ ತರಿಸಿ. ತಾಯಿಯದಾಗಿದ್ದರೆ ಅದು ಅಜ್ಜನಿಂದಲೋ ಅಜ್ಜಿಯಿಂದಲೋ ಇಳಿದದ್ದು. ಆಗ ಮಾವನಿಗೂ ಇರುವ ಸಾಧ್ಯತೆ ಅರ್ಧ, ಮಾವನ ಮಗಳಿಗೆ ಕಾಲು ಭಾಗ. ಅತ್ತೆಯೂ ಅದೇ ಸಮುದಾಯದವರಾದ್ದರಿಂದ ಅವರ ಕಡೆಯಿಂದ ಬರುವ ಸಾಧ್ಯತೆ ಇದಕ್ಕೆ ಕೂಡುತ್ತದೆ. ತಂದೆಯದಾಗಿದ್ದರೆ ಮಾವನ ಮಗಳಿಗೆ ಇರುವ ಸಾಧ್ಯತೆ ಹಾಡಿಯ ಬೇರೆ ಹುಡುಗಿಯರಷ್ಟೇ. ಆದರೆ ಈ ಕಾಲು, ಅರ್ಧದ ಲೆಕ್ಕವೆಲ್ಲ ಪರೀಕ್ಷೆ ಆಗುವ ತನಕ ಮಾತ್ರ. ಹುಡುಗಿಗೆ ಸಿಬಿಸಿ (ರಕ್ತಕಣಗಳ ಎಣಿಕೆ, ಗಾತ್ರ ನೋಡುವ ಪರೀಕ್ಷೆ) ಮತ್ತು ಎಚ್‌ಪಿಎಲ್‌ಸಿ ಎರಡೂ ಮಾಡಿಸಿ. ಸಾಲ್ಯುಬಿಲಿಟಿ ನೆಗೆಟಿವ್ ಎಂದು ನಿಲ್ಲಿಸಬೇಡಿ, ಏಕೆಂದರೆ ಆಕೆಗೆ ಬೀಟಾ ಥಲಸೀಮಿಯಾ ಟ್ರೇಟ್ ಇದ್ದರೆ ಆ ಪರೀಕ್ಷೆಯಲ್ಲಿ ಗೊತ್ತಾಗುವುದೇ ಇಲ್ಲ. ಸಿಬಿಸಿಯಲ್ಲಿ ಕಣಗಳ ಗಾತ್ರ ಸಣ್ಣದಾಗಿದ್ದು, ಎಚ್‌ಪಿಎಲ್‌ಸಿಯಲ್ಲಿ ‘ಎ2’ ಎಂಬ ಬಗೆಯ ಹಿಮೋಗ್ಲೋಬಿನ್ ಶೇ 4ರಷ್ಟು ಅಥವಾ ಹೆಚ್ಚಿದ್ದರೆ ಥಲಸೀಮಿಯಾ ಟ್ರೇಟ್.

ಫಲಿತಾಂಶ ಎಎ ಬಂದರೆ ಮದುವೆಗೆ ಸಿಕಲ್ ಅಡ್ಡಿಯಲ್ಲ. ಮಕ್ಕಳಲ್ಲಿ ಒಬ್ಬೊಬ್ಬರಿಗೂ ನಿಮ್ಮ ಹಾಗೆ ಟ್ರೇಟ್ ಇರುವ ಸಾಧ್ಯತೆ ಅರ್ಧ, ಕಾಯಿಲೆ ಬರುವುದಿಲ್ಲ. ಎಎಸ್ ಬಂದರೆ ಪ್ರತಿ ಬಸುರಿನಲ್ಲೂ ಕಾಯಿಲೆಯ ಮಗುವಿನ ಸಾಧ್ಯತೆ ನಾಲ್ಕಕ್ಕೊಂದು. ‘ಮೊದಲನೆಯದಕ್ಕೆ ಬಂತು, ಇನ್ನು ಮೂರು ಮಕ್ಕಳಿಗೆ ಬರುವುದಿಲ್ಲ’ ಎಂಬ ಲೆಕ್ಕ ಎಷ್ಟು ಮನೆಗಳನ್ನು ಹಾಳು ಮಾಡಿದೆಯೋ. ಹಿಂದಿನ ಮಗುವಿಗೆ ಏನಾಯಿತೆಂಬುದು ಮುಂದಿನ ಬಸುರಿಗೆ ಸಂಬಂಧಿಸಿದ್ದಲ್ಲ, ಪ್ರತಿ ಸಲವೂ ನಾಲ್ಕಕ್ಕೊಂದೇ. ಥಲಸೀಮಿಯಾ ಟ್ರೇಟ್ ಬಂದರೂ ಲೆಕ್ಕ ಇದೇ. ಆಗ ಮಗುವಿಗೆ ಬರುವುದು ಸಿಕಲ್–ಬೀಟಾ ಥಲಸೀಮಿಯಾ, ಅದೂ ಎಸ್‌ಎಸ್‌ನಷ್ಟೇ ತೀವ್ರವಾಗಿರಬಹುದು. ಟ್ರೇಟ್ ಇರುವವರು ಮದುವೆಯೇ ಆಗಬಾರದು ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಟ್ರೇಟ್ ಇದ್ದವರು ಟ್ರೇಟ್ ಇಲ್ಲದವರನ್ನು ಮದುವೆಯಾದರೆ ಕಾಯಿಲೆಯ ಮಗು ಹುಟ್ಟುವುದಿಲ್ಲ. ಇಬ್ಬರಿಗೂ ಟ್ರೇಟ್ ಇದೆ ಎಂದು ಗೊತ್ತಾದರೆ ಮಾತು ಮುರಿದುಕೊಳ್ಳುವುದು, ಇಲ್ಲವೇ ತಿಳಿದೇ ಮುಂದುವರಿಯುವುದು ನಿಮ್ಮಿಬ್ಬರ ತೀರ್ಮಾನ. ಮಾತಿನ್ನೂ ಮಾತಾಗಿರುವಾಗಲೇ ಪರೀಕ್ಷೆ ಆಗಲಿ ಎಂಬುದು ನನ್ನ ಅಭಿಪ್ರಾಯ. ಶಾಸ್ತ್ರ ಮುಗಿದು ನೆಂಟರಿಷ್ಟರಿಗೆ ಹೇಳಿದ ಮೇಲೆ ವರದಿ ಬಂದರೆ ಅದನ್ನು ಬಚ್ಚಿಡುವ ಒತ್ತಡ ಬರುತ್ತದೆ, ಹೊರೆ ಬೀಳುವುದು ಹೆಚ್ಚಾಗಿ ಹುಡುಗಿಯ ಮೇಲೆ.

ಇಬ್ಬರಿಗೂ ಟ್ರೇಟ್ ಇದ್ದು ಮದುವೆಯಾದರೆ, ಮುಟ್ಟು ನಿಂತದ್ದು ಗೊತ್ತಾದ ಕೂಡಲೇ, ಎಂಟು ವಾರದೊಳಗೆ, ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿಗೆ ಹೋಗಿ. 11ರಿಂದ 13ನೇ ವಾರದಲ್ಲಿ ಮಾಸದ ಸಣ್ಣ ತುಣುಕು ತೆಗೆದು, ಅಥವಾ 16ನೇ ವಾರದ ನಂತರ ಗರ್ಭನೀರು ತೆಗೆದು ಭ್ರೂಣದ ಡಿಎನ್‌ಎ ನೋಡಬಹುದು. ಲಿಂಗಪತ್ತೆ ತಡೆ ಕಾನೂನು ಹಿಮೋಗ್ಲೋಬಿನ್ ಕಾಯಿಲೆಗಳ ಪತ್ತೆಗೆ ಅವಕಾಶ ಕೊಟ್ಟಿದೆ. ಅದಕ್ಕೆ ಮುಂಚೆ ನಿಮ್ಮಿಬ್ಬರ ಡಿಎನ್‌ಎ ವರದಿ ಕೈಯಲ್ಲಿರಬೇಕು. ಐದನೇ ತಿಂಗಳಲ್ಲಿ ಹೋಗಿ ಕೂತರೆ ಯಾವುದಕ್ಕೂ ಸಮಯ ಸಾಲುವುದಿಲ್ಲ. ಈ ಪರೀಕ್ಷೆ ಬೇಡವೆನಿಸಿದರೆ, ಹುಟ್ಟಿದ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆಸಿ ಎಚ್‌ಪಿಎಲ್‌ಸಿ ಮಾಡಿಸುವುದನ್ನಾದರೂ ಬಿಡಬೇಡಿ.

ಅಕ್ಕನ ಮಗನ ವಿಷಯ ನೀವು ಕೇಳಿಲ್ಲ, ಆದರೆ ತುರ್ತು ಇರುವುದು ಅಲ್ಲೇ. ಎಸ್‌ಎಸ್ ಮಕ್ಕಳ ಗುಲ್ಮ ಎಳವೆಯಲ್ಲೇ ಕೆಟ್ಟುಹೋಗುತ್ತದೆ. ಗುಲ್ಮ ಇಲ್ಲದೆ ಮಲೇರಿಯಾ ಕಣಗಳನ್ನು ಸೋಸುವವರಿಲ್ಲ, ಈಗಾಗಲೇ ಕಡಿಮೆ ಇರುವ ರಕ್ತ ಮಲೇರಿಯಾದಿಂದ ಇನ್ನಷ್ಟು ಒಡೆಯುತ್ತದೆ, ಜ್ವರ ಕಣಗಳನ್ನು ಬಾಗಿಸುತ್ತದೆ. ಆಫ್ರಿಕಾದಲ್ಲಿ ಇಂಥ ಮಕ್ಕಳ ಸಾವಿಗೆ ಮಲೇರಿಯಾ ದೊಡ್ಡ ಕಾರಣ. ಸೊಳ್ಳೆಪರದೆ ಅವನಿಗೆ ಔಷಧಿಯಷ್ಟೇ ಮುಖ್ಯ. ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಸೋಂಕು ತಡೆಯಲು ಐದು ವರ್ಷ ತುಂಬುವ ತನಕ ದಿನಕ್ಕೆರಡು ಸಲ ಪೆನಿಸಿಲಿನ್ ಮಾತ್ರೆ ಬೇಕು. ಮೂರು ವರ್ಷದೊಳಗೆ 125 ಮಿ.ಗ್ರಾಂ., ಆಮೇಲೆ 250 ಮಿ.ಗ್ರಾಂ. ನ್ಯುಮೋಕಾಕಸ್ ಲಸಿಕೆ ಪೂರ್ತಿಯಾಗಿದೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿ. ಫೋಲಿಕ್ ಆಮ್ಲ ಕೊಡಬಹುದು. ರಕ್ತಹೀನತೆ ಎಂದು ಅಂಗಡಿಯಿಂದ ಐರನ್ ಟಾನಿಕ್ ತಂದು ಕುಡಿಸುವುದು ಬೇಡ. ಕಣ ಒಡೆದು ಬಿಡುಗಡೆಯಾದ ಕಬ್ಬಿಣ ಮೈಯಲ್ಲೇ ಉಳಿಯುತ್ತದೆ, ಕೊರತೆ ಇದೆಯೆಂದು ಪರೀಕ್ಷೆಯಲ್ಲಿ ಕಂಡರೆ ಮಾತ್ರ ಕೊಡಬೇಕು.

ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಶುರು ಮಾಡಿದ್ದಾರೆಯೇ ಎಂದು ಅಕ್ಕನನ್ನು ಕೇಳಿ. ಅದು ‘ಎಫ್’ ಹಿಮೋಗ್ಲೋಬಿನ್ ಏರಿಸಿ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. ಸಾಮಾನ್ಯವಾಗಿ ಮೈತೂಕದ ಕೆ.ಜಿ.ಗೆ 10–15 ಮಿ.ಗ್ರಾಂನಿಂದ ಆರಂಭಿಸಿ, ರಕ್ತಕಣಗಳ ಎಣಿಕೆ ನೋಡಿಕೊಂಡು ಡಾಕ್ಟರು ಹೆಚ್ಚಿಸುತ್ತಾರೆ. ಫಲ ಕಾಣಲು ತಿಂಗಳುಗಳು ಹಿಡಿಯುತ್ತವೆ. ಎರಡು ವಾರ ಕೊಟ್ಟು ‘ಏನೂ ಗುಣವಿಲ್ಲ’ ಎಂದು ಬಿಡುವವರೇ ಹೆಚ್ಚು. ಇದು ಕ್ಯಾನ್ಸರ್ ಮಾತ್ರೆ, ಮಲೇರಿಯಾ ಸೀಮೆಯಲ್ಲಿ ಕೊಟ್ಟರೆ ಅಪಾಯ ಎಂಬ ಹೆದರಿಕೆ ಇತ್ತು. ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ತೆಗೆದುಕೊಂಡ ಮಕ್ಕಳಲ್ಲಿ ಮಲೇರಿಯಾ ಕಡಿಮೆಯೇ ಆಯಿತು. 2023ರ ಕೊನೆಗೆ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟ ಜೀನ್ ಎಡಿಟಿಂಗ್ ಚಿಕಿತ್ಸೆಯೂ ಬೇರೆ ದಾರಿಯಿಂದ ಇದೇ ‘ಎಫ್’ ಅನ್ನು ಏರಿಸುತ್ತದೆ. ಅದರ ಬೆಲೆ 22 ಲಕ್ಷ ಡಾಲರ್. ನಮಗೆ ಸದ್ಯಕ್ಕೆ ಮಾತ್ರೆಯೇ ಗತಿ, ಅದು ಕೆಟ್ಟ ಗತಿಯೇನಲ್ಲ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಕಾರ್ಯಕ್ರಮದಲ್ಲಿ ಕರ್ನಾಟಕವೂ ಸೇರಿದೆ, ಹಾಗಾಗಿ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಿಕಲ್ ಕಾಯಿಲೆ ಸೇರಿರುವುದರಿಂದ ಹುಡುಗನಿಗೆ ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು. ಟ್ರೇಟ್‌ಗೆ ಅದು ಸಿಗುವುದಿಲ್ಲ.

ಅಕ್ಕನಿಗೆ ಎರಡು ಸಂಗತಿ ಕೈಯಾರೆ ಕಲಿಸಿಕೊಡಲು ನರ್ಸನ್ನು ಕೇಳಿ. ಒಂದು, ಮಗುವನ್ನು ಮಲಗಿಸಿ ಎಡಗಡೆಯ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಗುಲ್ಮ ಎಷ್ಟು ಕೆಳಗೆ ಸಿಗುತ್ತದೆ ಎಂದು ನೋಡುವುದು. ಮಗು ದಿಢೀರನೆ ಬಿಳಿಚಿಕೊಂಡು, ಸೋತು, ಗುಲ್ಮ ನಿನ್ನೆಗಿಂತ ದೊಡ್ಡದಾಗಿ ಸಿಕ್ಕರೆ ಮೈಯ ರಕ್ತವೆಲ್ಲ ಗುಲ್ಮದಲ್ಲಿ ನಿಲ್ಲುತ್ತಿದೆ ಎಂದರ್ಥ. ಗಂಟೆಗಳಲ್ಲಿ ಪ್ರಾಣ ಹೋಗಬಹುದು, ರಕ್ತ ಕೊಡುವ ಸೌಲಭ್ಯವಿರುವ ಆಸ್ಪತ್ರೆಗೇ ನೇರ ಹೋಗಬೇಕು. ಎರಡು, ಥರ್ಮಾಮೀಟರ್ ನೋಡುವುದು. 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯುವಂತಿಲ್ಲ. ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ದು, ‘ಎಸ್‌ಎಸ್ ಮಗು’ ಎಂದು ಮೊದಲ ಮಾತಿಗೇ ಹೇಳಿ, ಆಂಟಿಬಯೋಟಿಕ್ ಶುರು ಮಾಡಿಸಿ, ಮಲೇರಿಯಾ ರಕ್ತಲೇಪನವನ್ನೂ ಮಾಡಿಸಬೇಕು. ಉಸಿರಾಟದ ತೊಂದರೆ, ಎದೆನೋವು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೂ ಹೀಗೆಯೇ. ಹಾಡಿಗೆ ರಾತ್ರಿ 108 ಬರಲು ತಡವಾಗುವ ಕಡೆ, ಯಾರ ಜೀಪು, ಯಾರ ಫೋನ್ ನಂಬರ್ ಎಂಬುದನ್ನು ಇವತ್ತೇ ಗೊತ್ತುಮಾಡಿ ಕಾರ್ಡಿನ ಹಿಂಬದಿ ಬರೆದಿಡಿ.